ಘಟ್ಟದ ಪೈರು ಕೊಳೆತರೆ ಕೇಡಾಗುತ್ತಾ?

ಹೋದ ನವರಾತ್ರಿಯಲ್ಲಿ ಘಟ್ಟ ಹಾಕಿದ್ದೆ, ಅಂದರೆ ದೇವರ ಮುಂದೆ ಮಣ್ಣಲ್ಲಿ ಕಾಳು ಬಿತ್ತಿ ನಡುವೆ ನೀರಿನ ಬಿಂದಿಗೆ ಇಟ್ಟಿದ್ದೆ, ಆ ಪೈರು ಕೊಳೆಯಿತು, ಒಂಬತ್ತೂ ದಿನ ಉರಿಯಬೇಕಾದ ದೀಪವೂ ನಡುವೆ ಶಾಂತವಾಯಿತು, ಈಗ ಶಾಂತಿ ಮಾಡಿಸಲಾ, ಇಲ್ಲಾ ಘಟ್ಟ ಬಿಟ್ಟು ಬರೀ ಫೋಟೋಗೆ ಪೂಜೆ ಮಾಡಲಾ ಅಂತ ಕೇಳಿದ್ದೀಯ. ಎರಡೂ ಬೇಡ ತಂಗಿ. ಈ ಭಯ ನಾನೂ ಪಟ್ಟಿದ್ದೇನೆ.

ನನ್ನ ತವರಲ್ಲಿ ಘಟ್ಟ ಹಾಕುವ ಪದ್ಧತಿ ಇರಲಿಲ್ಲ. ಗಂಡನ ಮನೆ ವಿಜಯಪುರದ ಹತ್ತಿರದ ಹಳ್ಳಿ. ಅಲ್ಲಿ ನವರಾತ್ರಿಗೆ ಮುಂಚಿನ ಮಾನೌಮಿ ಅಮಾವಾಸ್ಯೆ ಬರುವಷ್ಟರಲ್ಲಿ ಮನೆಯ ಹಾಸಿಗೆ ಹೊದಿಕೆ ಎಲ್ಲಾ ಒಗೆದಾಗಿರಬೇಕು. ಪಾಡ್ಯದ ದಿನ ಪತ್ರಾವಳಿಯ ಮೇಲೆ ಹೊಲದ ಎರೆಮಣ್ಣು ಹರಡಿ, ಜೋಳ, ಗೋಧಿ, ಕಡಲೆ, ಹೆಸರು ಹೀಗೆ ಐದು ಥರದ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಡಿಕೆ ಇಡುತ್ತಾರೆ. ಮೇಲೆ ದಿನಕ್ಕೊಂದು ಹೂವಿನ ಮಾಲೆ. ನಸುಕಿನಲ್ಲೇ ಹೆಂಗಸರೆಲ್ಲ ಬನ್ನಿ ಗಿಡಕ್ಕೆ ಹೋಗಿ, ನೀರು ಹಾಕಿ, ಅರಿಷಿಣ ಕುಂಕುಮ ಏರಿಸಿ, ಹಾಡು ಹೇಳಿ ಬರುತ್ತಾರೆ.

ಹಳ್ಳಿ ಬಿಟ್ಟು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಮೊದಲ ಸಲ ನಾನೊಬ್ಬಳೇ ಘಟ್ಟ ಹಾಕಿದೆ. ಚಂದ ಕಾಣಲಿ ಅಂತ ಪತ್ರಾವಳಿ ಬದಲು ಸ್ಟೀಲ್ ಪರಾತ (ಅಗಲ ತಟ್ಟೆ), ಮಡಿಕೆ ಬದಲು ತಾಮ್ರದ ತಂಬಿಗೆ ಇಟ್ಟೆ. ಅಲ್ಲೇ ಕೆಟ್ಟಿತು. ಮಣ್ಣಿನ ಮಡಿಕೆ ನೀರನ್ನು ಸ್ವಲ್ಪಸ್ವಲ್ಪವೇ ಜಿನುಗಿಸುತ್ತದೆ. ಸುತ್ತಲಿನ ಮಣ್ಣು ತಾನಾಗಿಯೇ ಹಸಿಯಾಗಿರುತ್ತದೆ. ತಾಮ್ರ ಎಲ್ಲಿ ಜಿನುಗುತ್ತೆ? ಮಣ್ಣು ಒಣಗಿದ ಹಾಗೆ ಕಂಡಿತು, ಮುಂಜಾನೆ ಸಂಜೆ ನೀರು ಸುರಿದೆ. ಎರೆಮಣ್ಣು ಗೊತ್ತಲ್ವಾ, ಮೇಲೆ ಬಿರುಕು, ಕೆಳಗೆ ಕೆಸರು. ಪತ್ರಾವಳಿಯಾಗಿದ್ದರೆ ಜಾಸ್ತಿಯಾದ ನೀರು ಎಲೆಗಳ ಸಂದಿಯಿಂದ ಇಳಿದು ಹೋಗುತ್ತಿತ್ತು. ಪರಾತದಲ್ಲಿ ತಳಕ್ಕೇ ನಿಂತಿತು. ನಾಲ್ಕನೇ ದಿನಕ್ಕೆ ಕಡಲೆ ಉಬ್ಬಿ, ಸಿಪ್ಪೆ ಬಿಟ್ಟು, ಬಿಳಿ ಬೂಷ್ಟು ಹಿಡಿದಿತ್ತು. ದೇವರ ಮುಂದೆ ಕೆಟ್ಟ ವಾಸನೆ.

ಅದೇ ವಾರ ಮಗನಿಗೆ ಜ್ವರ ಬಂತು. ತಾಯಿ ಮುನಿದಳು ಅಂತಲೇ ನಂಬಿದೆ. ಅತ್ತೆಗೆ ಹೇಳಲಿಲ್ಲ, ಮುಂದಿನ ವರ್ಷದಿಂದ ಘಟ್ಟವನ್ನೇ ಬಿಟ್ಟೆ. ಘಟ್ಟ ಇಲ್ಲದ ಮನೆಗೆ ನವರಾತ್ರಿಯಲ್ಲಿ ಅವರು ಯಾಕೆ ಬಂದಾರು? ಹಳ್ಳಿಯಲ್ಲೇ ಉಳಿದರು. ಅವರ ಬಾಯಲ್ಲಿದ್ದ ಬನ್ನಿ ಗಿಡದ ಹಾಡುಗಳಲ್ಲಿ ಬಹಳಷ್ಟು ನನಗೆ ಸಿಗಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟಾಗ ಅವರು ಕೇಳಿದ್ದು ಒಂದೇ ಮಾತು: “ಮಡಿಕಿ ಇಟ್ಟಿದ್ದಿಲ್ಲೇನ ಯವ್ವಾ?”

ಅದಕ್ಕೇ ಹೇಳ್ತಿದ್ದೇನೆ, ಶಾಂತಿಗೆ ದುಡ್ಡು ಹಾಕಬೇಡ. ಕಾಳು ಕೊಳೆತಿದ್ದಕ್ಕೆ ಮುನಿಯುವ ತಾಯಿ ಅಲ್ಲ ಅವಳು. ಪೈರು ಹಳದಿಯಾಗಿ ಬಂದರೂ ಹೆದರಬೇಡ, ದೇವರ ಕೋಣೆಗೆ ಬಿಸಿಲು ಬೀಳದಿದ್ದರೆ ಹಾಗೇ ಬರೋದು. ದೀಪ ಎರಡು ಇಡು, ಒಂದು ಶಾಂತವಾದರೆ ಇನ್ನೊಂದರಿಂದ ಹಚ್ಚಬಹುದು. ಕಾಳು ಹಿಂದಿನ ರಾತ್ರಿ ನೆನೆಸು. ಕಡಲೆ ಕಡಿಮೆ, ಜೋಳ ಗೋಧಿ ಜಾಸ್ತಿ ಇರಲಿ. ದಶಮಿಯ ದಿನ ಬನ್ನಿ ಜೊತೆ ಮುಡಿಯಲು ಚೆನ್ನಾಗಿ ಎದ್ದು ನಿಲ್ಲುವುದು ಅವೇ.

ನಿಮ್ಮ ಅತ್ತೆಯನ್ನು ಅಮಾವಾಸ್ಯೆಗೇ ಕರೆಸಿಕೊ. ಹಾಡು ಹೇಳುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊ. ಮಡಿಕೆಗೆ ಕುಂಬಾರರ ಹತ್ತಿರ ಈಗಲೇ ಹೇಳಿಡು. ಅಂಗಡಿಯಲ್ಲಿ ಬಣ್ಣ ಬಳಿದು ಇಟ್ಟಿರುತ್ತಾರಲ್ಲ, ಅದನ್ನು ಮಾತ್ರ ತರಬೇಡ. ಬಣ್ಣ ಕುಡಿದ ಮಡಿಕೆಯೂ ಜಿನುಗುವುದಿಲ್ಲ.