ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ಇಂಗ್ಲಿಷ್ ಎಂ.ಎ. ಮುಗಿಸಿ ಈಗ ಅಮೆರಿಕದಲ್ಲಿ ಟೆಕ್ನಿಕಲ್ ಕಮ್ಯುನಿಕೇಶನ್ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ 'ವಿಷುಯಲ್ ರೆಟರಿಕ್ ಅಂಡ್ ಡಾಕ್ಯುಮೆಂಟ್ ಡಿಸೈನ್' ಅನ್ನೋ ಕೋರ್ಸ್ ಕಡ್ಡಾಯ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಮನೆಯಲ್ಲಿ ರಂಗೋಲಿ ಕೂಡ ಅಕ್ಕನೇ ಹಾಕುತ್ತಿದ್ದಳು. ಇದರಲ್ಲಿ ಏನಿರುತ್ತದೆ? ನನ್ನಂಥವರು ಪಾಸಾಗುತ್ತಾರಾ?

ಖಂಡಿತ ಪಾಸಾಗುತ್ತೀರಿ. ಈ ಕೋರ್ಸ್‌ನಲ್ಲಿ ಯಾರೂ ನಿಮ್ಮ ಕೈಗೆ ಬ್ರಷ್ ಕೊಡುವುದಿಲ್ಲ. ಒಂದು ಹಾಳೆ ಕೈಗೆ ಸಿಕ್ಕ ತಕ್ಷಣ ಓದುವವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಆಮೇಲೆ ಎಲ್ಲಿಗೆ? ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಸೆಮಿಸ್ಟರ್ ಪೂರ್ತಿ ಇದನ್ನೇ ನೋಡುತ್ತೀರಿ.

ಅರ್ಜಿ, ಬಿಲ್ಲು, ನೋಟಿಸು, ಕೈಪಿಡಿ ಇಂಥವುಗಳಲ್ಲಿ ಯಾವುದನ್ನು ಎಲ್ಲಿಡಬೇಕು, ಎಷ್ಟು ದೊಡ್ಡದಾಗಿ ಇಡಬೇಕು, ಯಾವುದರ ಪಕ್ಕ ಇಡಬೇಕು ಅನ್ನೋದು ಡಾಕ್ಯುಮೆಂಟ್ ಡಿಸೈನ್. ಚಿತ್ರ, ಬಣ್ಣ, ಅಕ್ಷರದ ಆಕಾರ, ಖಾಲಿ ಜಾಗ ಇವೆಲ್ಲ ನಮ್ಮನ್ನು ಹೇಗೆ ಒಪ್ಪಿಸುತ್ತವೆ ಅನ್ನೋದು ವಿಷುಯಲ್ ರೆಟರಿಕ್. ರೆಟರಿಕ್ ಅಂದರೆ ಗ್ರೀಕರ ಕಾಲದಿಂದ ಬಂದ, ಮಾತಿನಿಂದ ಮನವೊಲಿಸುವ ಕಲೆ. ಚಿತ್ರವೂ ಹೀಗೆ ವಾದ ಮಾಡುತ್ತದೆ ಅಂತ ಬಿಡಿಸಿ ತೋರಿಸಿದವರಲ್ಲಿ ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ ಮುಖ್ಯರು. 1964ರಲ್ಲಿ ಅವರು ಪಾನ್ಜಾನಿ ಅನ್ನೋ ಪಾಸ್ತಾ ಕಂಪನಿಯ ಒಂದೇ ಒಂದು ಜಾಹೀರಾತನ್ನು ಹಿಡಿದು ಕೂತರು. ಬಲೆ ಚೀಲದಿಂದ ಪಾಸ್ತಾ ಪೊಟ್ಟಣ, ಟೊಮ್ಯಾಟೊ, ಈರುಳ್ಳಿ, ದೊಣ್ಣೆಮೆಣಸು ಹೊರಗೆ ಇಣುಕುತ್ತಿರುವ ಚಿತ್ರ ಅದು. ಈಗಷ್ಟೇ ಸಂತೆಯಿಂದ ಬಂದ ಚೀಲ, ತಾಜಾ ಸಾಮಾನು, ಇಟಲಿಯನ್ನು ನೆನಪಿಸುವ ಬಣ್ಣಗಳು. ಇಷ್ಟನ್ನೂ ಚಿತ್ರವೇ ಹೇಳಿಬಿಡುತ್ತದೆ. ನಿಮ್ಮ ಓದಿನಲ್ಲಿ ಈ ಹೆಸರು ಬಂದರೆ ಹೆದರಬೇಡಿ. ಬರಹ ಕಠಿಣ, ವಿಷಯ ಇಷ್ಟೇ.

ಈಗ ನೀವಿರುವ ದೇಶದ್ದೇ ಒಂದು ಕಥೆ ಹೇಳುತ್ತೇನೆ. ಈ ವಿಷಯ ಕಲಿಸುವವರು ಇದನ್ನು ಬಿಡುವುದಿಲ್ಲ. 2000ನೇ ಇಸವಿಯ ಅಧ್ಯಕ್ಷರ ಚುನಾವಣೆ. ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು). ಅಲ್ಲಿ ವಯಸ್ಸಾದ ಮತದಾರರು ಜಾಸ್ತಿ. ಅವರಿಗೆ ಸರಿಯಾಗಿ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದರು. ಹೆಸರುಗಳು ಒಂದು ಪುಟದಲ್ಲಿ ಹಿಡಿಸಲಿಲ್ಲ. ಹಾಗಾಗಿ ಎಡ, ಬಲ ಎರಡು ಪುಟಕ್ಕೆ ಹಂಚಿ, ನಡುವೆ ಒಂದೇ ಸಾಲಿನಲ್ಲಿ, ಚುಚ್ಚಿ ಮತ ಹಾಕುವ ತೂತುಗಳನ್ನು ಇಟ್ಟರು. ನೋಡಲು ರೆಕ್ಕೆ ಬಿಚ್ಚಿದ ಚಿಟ್ಟೆ ಥರ ಇತ್ತು. ಅದಕ್ಕೇ 'ಬಟರ್‌ಫ್ಲೈ ಬ್ಯಾಲೆಟ್' ಅಂತ ಹೆಸರು ಬಂತು.

ಎಡಪುಟದಲ್ಲಿ ಎರಡನೇ ಹೆಸರು ಜಾರ್ಜ್ ಬುಷ್ ಅವರ ಮುಖ್ಯ ಎದುರಾಳಿ ಅಲ್ ಗೋರ್ ಅವರದು. ಎರಡನೇ ಹೆಸರು ಅಂದಮೇಲೆ ಎರಡನೇ ತೂತು ಅಲ್ವಾ? ಆದರೆ ಆ ತೂತು ಬಲಪುಟದ ಮೊದಲ ಹೆಸರಾದ, ಸಣ್ಣ ಪಕ್ಷವೊಂದರ ಪ್ಯಾಟ್ ಬುಕ್ಯಾನನ್ ಅವರದಾಗಿತ್ತು. ಗೋರ್ ಅವರದು ಮೂರನೆಯದು. ಬಾಣದ ಗುರುತು ಇತ್ತು. ಆದರೂ ಕಣ್ಣು ತನ್ನ ಅಭ್ಯಾಸದಂತೆ ಮೇಲಿನಿಂದ ಕೆಳಕ್ಕೆ ಎಣಿಸಿಕೊಂಡು ಹೋಯಿತು. ಆ ಕೌಂಟಿಯಲ್ಲಿ ಬುಕ್ಯಾನನ್‌ಗೆ 3,407 ಮತ ಬಿದ್ದವು. ಒಂದಕ್ಕಿಂತ ಜಾಸ್ತಿ ತೂತು ಬಿದ್ದು 19,000ಕ್ಕೂ ಹೆಚ್ಚು ಮತಪತ್ರ ತಿರಸ್ಕೃತವಾದವು. ಇಡೀ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಗೆದ್ದಿದ್ದು 537 ಮತಗಳಿಂದ. ಅವರು ಅಧ್ಯಕ್ಷರಾದದ್ದೂ ಆ ರಾಜ್ಯದ ಬಲದಿಂದಲೇ.

ಇಲ್ಲಿ ಯಾರೂ ಮೋಸ ಮಾಡಲು ಹೊರಟಿರಲಿಲ್ಲ. ಓದುವವರ ಮೇಲಿನ ಕಾಳಜಿಯಿಂದಲೇ ಅಕ್ಷರ ದೊಡ್ಡದಾಯಿತು. ಆ ಕಾಳಜಿ ಅಕ್ಷರದ ಹತ್ತಿರ ನಿಂತುಬಿಟ್ಟಿತು, ಹೆಸರಿಗೂ ತೂತಿಗೂ ಇರುವ ನಂಟಿನ ತನಕ ಹೋಗಲಿಲ್ಲ. ನಮ್ಮ ಮತಯಂತ್ರವನ್ನು ನೆನಪಿಸಿಕೊಳ್ಳಿ. ಹೆಸರು, ಫೋಟೊ, ಚಿಹ್ನೆ, ನೀಲಿ ಗುಂಡಿ ಎಲ್ಲ ಒಂದೇ ಸಾಲಿನಲ್ಲಿ. ಓದಲು ಬಾರದವರೂ ಚಿಹ್ನೆ ನೋಡಿ, ಅದೇ ಸಾಲಿನಲ್ಲಿ ಬೆರಳು ಸರಿಸಿ ಗುಂಡಿ ಒತ್ತುತ್ತಾರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಒಂದು ಅಸೈನ್‌ಮೆಂಟ್ ಬರೆಯಿರಿ. ನಿಮ್ಮ ಕ್ಲಾಸಿನಲ್ಲಿ ಬೇರೆ ಯಾರ ಹತ್ತಿರವೂ ಇರದ ಉದಾಹರಣೆ ನಿಮ್ಮ ಹತ್ತಿರ ಇರುತ್ತದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುವ ಹುಡುಗ. ಪ್ರಾಜೆಕ್ಟ್‌ಗೆ ನಮ್ಮೂರಿನ ಆರೋಗ್ಯ ಕೇಂದ್ರಕ್ಕಾಗಿ ಲಸಿಕೆಯ ಕರಪತ್ರ ಮಾಡಿದೆ. ಬಣ್ಣ, ಫೋಟೊ, ಐಕಾನ್ ಎಲ್ಲ ಹಾಕಿ ಒಂದು ವಾರ ಕೂತಿದ್ದೇನೆ. ಮೇಡಂ ಅಂಕ ಕಡಿಮೆ ಕೊಟ್ಟು, 'ಚೆನ್ನಾಗಿದೆ. ಆದರೆ ಓದುವವರು ಯಾರು?' ಅಂತ ಮಾತ್ರ ಬರೆದಿದ್ದಾರೆ. ಇದರ ಅರ್ಥವೇನು?

ನಿಮ್ಮ ಮೇಡಂ ತುಂಬ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ನನಗೆ ಇದು ಅರ್ಥವಾಗಿದ್ದು ನಮ್ಮ ಅಮ್ಮನಿಂದ.

ಅಮ್ಮನಿಗೆ ಆಪರೇಷನ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದರು. ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ ಮಾತ್ರೆಗಳ ಪಟ್ಟಿ ಇತ್ತು. ಐದು ಕಾಲಂ, ಎಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಒಂದು ಮಾತ್ರೆಯ ಎದುರು 1-0-1, ಅದರ ಕೆಳಗೆ 1-0-0, ಅದರ ಕೆಳಗೆ 0-0-1. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಅರ್ಥ. ಅಮ್ಮ ಮೊದಲನೆಯದನ್ನು 'ನೂರಾ ಒಂದು' ಅಂತ ಓದಿದರು. ಎರಡು ದಿನ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡು, ತಿಂಡಿ ಹೊತ್ತಿಗೇ ತೂಕಡಿಸುತ್ತಿದ್ದರು. ಆಮೇಲೆ ನನಗೆ ಗೊತ್ತಾಯಿತು.

ನಾನು ವರ್ಷಗಟ್ಟಲೆ ಇದೇ ಕೆಲಸ ಮಾಡಿದವಳು. ಕೂತು ಹೊಸ ಪಟ್ಟಿ ಮಾಡಿದೆ. ದೊಡ್ಡ ಕನ್ನಡ ಅಕ್ಷರ, ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಅಮ್ಮ ಸೂರ್ಯನ ಮೇಲೆ ಬೆರಳಿಟ್ಟು, "ಇದು ಮಧ್ಯಾಹ್ನದ್ದಲ್ವಾ? ಬೆಳಿಗ್ಗೆ ಎಲ್ಲಿ ಇಷ್ಟು ಬಿಸಿಲು?" ಅಂದರು. ಅವರು ಹೇಳಿದ್ದು ಸರಿಯೇ. ಸೂರ್ಯನನ್ನು ತೆಗೆದು 'ತಿಂಡಿ ಆದಮೇಲೆ', 'ಮಧ್ಯಾಹ್ನ ಊಟ ಆದಮೇಲೆ', 'ರಾತ್ರಿ ಊಟ ಆದಮೇಲೆ' ಅಂತ ಬರೆದೆ. ಗುರುತಿಗೆ ಇರಲಿ ಅಂತ 'ಸಣ್ಣ ಬಿಳಿ ಮಾತ್ರೆ' ಅಂತ ಸೇರಿಸಿದೆ. ಮುಂದಿನ ತಿಂಗಳು ಮೆಡಿಕಲ್ ಅಂಗಡಿಯವರು ಅದೇ ಔಷಧಿಯನ್ನು ಬೇರೆ ಕಂಪನಿಯದು ಕೊಟ್ಟರು. ಮಾತ್ರೆ ಗುಲಾಬಿ ಬಣ್ಣದ್ದು! ಬಣ್ಣದ ಮಾತು ತೆಗೆದು, ಹೆಸರಿನ ಪಕ್ಕ 'ಬಿಪಿಗೆ', 'ನೋವಿಗೆ', 'ಗ್ಯಾಸಿಗೆ' ಅಂತ ಹಾಕಿದೆ.

ಇಷ್ಟಾದರೂ ಅಮ್ಮ ತಡವರಿಸುತ್ತಿದ್ದರು. ಯಾಕೆ ಅಂತ ಒಂದು ಬೆಳಿಗ್ಗೆ ಪಕ್ಕದಲ್ಲೇ ನಿಂತು ನೋಡಿದೆ. ತಿಂಡಿ ತಿಂದು, ಕೈ ತೊಳೆದು, ಡಬ್ಬಿ ಮುಂದೆ ನಿಂತರು. ಆ ಹೊತ್ತಿಗೆ ಅವರ ಮನಸ್ಸಿನಲ್ಲಿದ್ದ ಪ್ರಶ್ನೆ, 'ಈಗ ಯಾವ ಯಾವುದು?' ನನ್ನ ಪಟ್ಟಿ ಉತ್ತರ ಕೊಡುತ್ತಿದ್ದದ್ದು, 'ಈ ಮಾತ್ರೆ ಯಾವ ಯಾವಾಗ?' ಅನ್ನೋ ಪ್ರಶ್ನೆಗೆ. ಆಸ್ಪತ್ರೆಯ ಹಾಳೆಯಂತೆ ನಾನೂ ಒಂದು ಮಾತ್ರೆಗೆ ಒಂದು ಸಾಲು ಕೊಟ್ಟಿದ್ದೆ. ಅದನ್ನು ತಿರುಗಿಸಿ, ಹೊತ್ತಿಗೊಂದು ಚೌಕ ಮಾಡಿ, ತಿಂಡಿಯ ಚೌಕದಲ್ಲಿ ಮೂರು ಮಾತ್ರೆ, ಮಧ್ಯಾಹ್ನದ್ದರಲ್ಲಿ ಒಂದು, ರಾತ್ರಿಯದರಲ್ಲಿ ಎರಡು ಅಂತ ಬರೆದೆ. ಬರೆದಿದ್ದು ಸರಿಯಿದೆಯಾ ಅಂತ ಡಾಕ್ಟರಿಗೆ ತೋರಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಮತ್ತೆ ಅಮ್ಮ ಯಾರನ್ನೂ ಕೇಳಲಿಲ್ಲ.

ನೀವೂ ನಿಮ್ಮ ಕರಪತ್ರ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋಗಿ. ಮಗುವನ್ನು ಎತ್ತಿಕೊಂಡು ಬಂದ ಮೂರು ಜನ ತಾಯಂದಿರ ಕೈಗೆ ಕೊಡಿ. ವಿವರಿಸಲು ಹೋಗಬೇಡಿ. 'ಚೆನ್ನಾಗಿದೆಯಾ?' ಅಂತ ಸುಮ್ನೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು, 'ನಿಮ್ಮ ಪಾಪುಗೆ ಮುಂದಿನ ಸೂಜಿ ಯಾವಾಗ? ಇದರಲ್ಲಿ ತೋರಿಸಿ' ಅನ್ನಿ. ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ವಾಪಸ್ ಬರುತ್ತದೆ ಅಂತ ಬರೆದುಕೊಳ್ಳಿ. ಆ ಟಿಪ್ಪಣಿಯ ಜೊತೆ ತಿದ್ದಿದ ಕರಪತ್ರ ಕೊಟ್ಟು ನೋಡಿ. ಒಂದು ವಾರ ಕೂತ ಶ್ರಮವೂ ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ನಾನು ಕಲಬುರಗಿಯ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವಿಷಯದ ಪುಸ್ತಕಗಳಲ್ಲಿರುವ ನಿಯಮಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೇಳಿದವು. ಕನ್ನಡ ಹಾಳೆಗೆ ವಿದ್ಯಾರ್ಥಿಗಳಿಗೆ ಏನು ಹೇಳಿಕೊಡಲಿ?

ಒತ್ತಕ್ಷರದಿಂದ ಶುರು ಮಾಡಿ. 'ರಾಷ್ಟ್ರ', 'ಸ್ತ್ರೀ' ಅಂತ ಬರೆದಾಗ ಅಕ್ಷರದ ಕೆಳಗೆ ಇನ್ನೆರಡು ಅಕ್ಷರ ಕೂರುತ್ತವೆ. ಇಂಗ್ಲಿಷಿಗೆ ಇಡುವ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಅಂತರ ಇಡುತ್ತೇನೆ. ಕನ್ನಡ, ಇಂಗ್ಲಿಷ್ ಎರಡೂ ಇರುವ ಹಾಳೆಯಲ್ಲಿ ಎರಡಕ್ಕೂ 12 ಪಾಯಿಂಟ್ ಅಂತ ಕೊಟ್ಟರೂ ಎರಡೂ ಒಂದೇ ಅಳತೆಯಲ್ಲಿ ಕಾಣುವುದಿಲ್ಲ. ಸಂಖ್ಯೆಯನ್ನು ನಂಬದೆ ಕಣ್ಣಳತೆಯಲ್ಲಿ ಹೊಂದಿಸಿ.

ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ. ಓರೆ ಅಕ್ಷರದ ಸಂಪ್ರದಾಯವೂ ಇಲ್ಲ. ಕಂಪ್ಯೂಟರ್ ಬಲವಂತವಾಗಿ ಓರೆ ಮಾಡಿದ ಕನ್ನಡ ಬೀಳುವ ಗೋಡೆಯಂತೆ ಕಾಣುತ್ತದೆ. ಮಾತು ಎದ್ದು ಕಾಣಬೇಕಾದ ಕಡೆ ಅಳತೆ, ದಪ್ಪ, ಸುತ್ತಲಿನ ಜಾಗ ಈ ಮೂರನ್ನೇ ಬಳಸಬೇಕು. ದಪ್ಪದಲ್ಲೂ ಜೋಪಾನ. ದ, ಧ, ಥ ಇವುಗಳ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆಯಲ್ಲಿದೆ. ಸಣ್ಣ ಅಳತೆಯಲ್ಲಿ ದಪ್ಪ ಮಾಡಿ ಜೆರಾಕ್ಸ್ ತೆಗೆದರೆ ಆ ಚುಕ್ಕೆ ಮಸಿಯಲ್ಲಿ ಮುಚ್ಚಿಹೋಗುತ್ತದೆ. ನಮ್ಮ ಕಚೇರಿಗಳಲ್ಲಿ ಹಾಳೆ ಎಷ್ಟು ಸಲ ಜೆರಾಕ್ಸ್ ಆಗುತ್ತದೆ ಅಂತ ನಿಮಗೇ ಗೊತ್ತಲ್ಲ.

ಇನ್ನೊಂದು, ಎರಡೂ ಅಂಚು ಸಮ ಮಾಡುವ ಚಾಳಿ. ಕನ್ನಡದ ಪದಗಳು ಉದ್ದ. 'ಫಲಾನುಭವಿಗಳಿಗೆಲ್ಲ' ಅನ್ನೋದು ಒಂದೇ ಪದ. ಕಿರಿದಾದ ಕಾಲಮ್ಮಿನಲ್ಲಿ ಸಾಲಿಗೆ ಮೂರು ಪದ ಹಿಡಿಸಿ, ನಡುವೆ ಹಳ್ಳ ಬೀಳುತ್ತದೆ. ಎಡಕ್ಕೆ ಮಾತ್ರ ಜೋಡಿಸಿ, ಬಲಗಡೆ ಹೇಗಾದರೂ ಇರಲಿ.

ಫಾಂಟ್ ಯುನಿಕೋಡ್‌ನದೇ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದ್ದೇ ಇರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ, ಇವು ಮೂರೂ ಉಚಿತವಾಗಿ ಸಿಗುತ್ತವೆ.

ಪ್ರಶ್ನೆ: ಮಗಳು ಈ ವಿಷಯ ತಗೊಂಡಿದ್ದಾಳೆ. ಚಿತ್ರ, ಗ್ರಾಫ್ ತೋರಿಸಿ ಜನರನ್ನು ಒಪ್ಪಿಸುವುದು ಅಂದರೆ ಮರುಳು ಮಾಡುವುದೇ ಅಲ್ಲವೇ? — ಒಬ್ಬ ತಂದೆ, ಹುಬ್ಬಳ್ಳಿ

ನಿಮ್ಮ ಅನುಮಾನ ಸಹಜ. ಮರುಳು ಮಾಡುವವರು ಇದ್ದಾರೆ. ಕಾಲೇಜಿನ ಫಲಿತಾಂಶ 82ರಿಂದ 86 ಶೇಕಡಾಕ್ಕೆ ಏರಿತು ಅಂದುಕೊಳ್ಳಿ. ಗ್ರಾಫನ್ನು ಸೊನ್ನೆಯ ಬದಲು 80ರಿಂದ ಶುರು ಮಾಡಿದರೆ ಎರಡನೇ ಕಂಬ ಮೊದಲನೆಯದರ ಮೂರು ಪಟ್ಟು ಎತ್ತರ ನಿಲ್ಲುತ್ತದೆ. ಅಂಕಿ ಸುಳ್ಳಲ್ಲ, ಚಿತ್ರ ಸುಳ್ಳು. ನಿಮ್ಮ ಮಗಳು ಇದನ್ನು ಒಂದೇ ನೋಟಕ್ಕೆ ಹಿಡಿಯುವುದನ್ನು ಕಲಿಯುತ್ತಾಳೆ.

ಪ್ರಾಮಾಣಿಕವಾಗಿ ಒಪ್ಪಿಸಿದವರೂ ಇದ್ದಾರೆ. ದಾದಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಕೇಳಿದ್ದೀರಿ. ಕ್ರಿಮಿಯಾ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಲೆಕ್ಕವನ್ನು ಅವರು 1858ರಲ್ಲಿ ಹೂವಿನ ಎಸಳುಗಳಂಥ ಚಿತ್ರದಲ್ಲಿ ತೋರಿಸಿದರು. ತಿಂಗಳಿಗೊಂದು ಎಸಳು. ಗಾಯದಿಂದ ಸತ್ತವರು ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು ನೀಲಿ. ಎಸಳಿನ ವಿಸ್ತೀರ್ಣ ಸಾವಿನ ಲೆಕ್ಕಕ್ಕೆ ಸರಿಯಾಗಿತ್ತು. ಚಿತ್ರದ ತುಂಬ ನೀಲಿ. ಶತ್ರುವಿನ ಗುಂಡಿಗಿಂತ ಕೊಳಕು ಜಾಸ್ತಿ ಜನರನ್ನು ಕೊಂದಿದೆ ಅಂತ ಹೇಳಲು ಅದಕ್ಕಿಂತ ಬೇರೆ ಮಾತು ಬೇಕಿರಲಿಲ್ಲ.

ಹತ್ತಿರದ ಉದಾಹರಣೆ ಬೇಕಾ? ಬೀಡಿ ಅಂಗಡಿಗೆ ಹೋಗಿ ನೋಡಿ. 2016ರ ಏಪ್ರಿಲ್‌ನಿಂದ ತಂಬಾಕಿನ ಪ್ಯಾಕೆಟ್ಟಿನ ಮುಖದಲ್ಲಿ ಶೇ. 85 ಜಾಗ ಎಚ್ಚರಿಕೆಗೆ. ಅದರಲ್ಲಿ 60 ಚಿತ್ರಕ್ಕೆ, 25 ಅಕ್ಷರಕ್ಕೆ. ಇದರ ವಿರುದ್ಧದ ಪ್ರಕರಣಗಳನ್ನು ಕೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟು. 2017ರ ಡಿಸೆಂಬರ್‌ನಲ್ಲಿ ಅದು ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರದ ಅಳತೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗುತ್ತಾರೆ ಅಂದರೆ, ಆ ಅಳತೆಗೆ ಎಂಥ ಶಕ್ತಿ ಇದೆ ಅಂತ ಎರಡೂ ಕಡೆಯವರಿಗೆ ಗೊತ್ತಿದೆ ಅಂತಲೇ ಅರ್ಥ. ಮಗಳು ಓದಲಿ ಸರ್.

ಪ್ರಶ್ನೆ: ನನಗೆ ಕೆಂಪು, ಹಸಿರು ಬಣ್ಣ ಬೇರೆ ಬೇರೆಯಾಗಿ ಕಾಣುವುದಿಲ್ಲ. ಈ ಕೋರ್ಸ್ ತಗೊಳ್ಳಬಹುದಾ?

ಧಾರಾಳವಾಗಿ ತಗೊಳ್ಳಿ. ಬಿಸ್ಕತ್ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಇರುತ್ತದಲ್ಲ? ಮೊದಲು ಮಾಂಸಾಹಾರದ ಗುರುತೂ ಚುಕ್ಕೆಯೇ, ಕಂದು ಬಣ್ಣದ್ದು. ನಿಮ್ಮಂಥವರಿಗೆ ಎರಡೂ ಒಂದೇ ಥರ. 2020ರ ನಿಯಮದಲ್ಲಿ ಮಾಂಸಾಹಾರದ ಗುರುತನ್ನು ತ್ರಿಕೋನ ಮಾಡಿದರು. ಈಗ ಬಣ್ಣ ಕಾಣದಿದ್ದರೂ ಆಕಾರ ಹೇಳುತ್ತದೆ.

ಮೊದಲ ವಾರವೇ ಮೇಷ್ಟ್ರಿಗೆ ವಿಷಯ ತಿಳಿಸಿ. ನಿಮ್ಮ ಗ್ರಾಫ್‌ಗಳಲ್ಲಿ ಬಣ್ಣದ ಸೂಚಿ ಪಕ್ಕಕ್ಕಿಡುವ ಬದಲು ಗೆರೆಯ ಮೇಲೇ ಹೆಸರು ಬರೆಯಿರಿ. ಕೊಡುವ ಮೊದಲು ಒಂದು ಪ್ರತಿ ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ಸ್ನೇಹಿತರ ಹಾಳೆಗಳನ್ನೂ ಕೇಳಿ ತಗೊಂಡು ನೋಡಿ. ಅವರ ಕಣ್ಣಿಗೆ ಬೀಳದ ತಪ್ಪು ನಿಮ್ಮ ಕಣ್ಣಿಗೆ ಮೊದಲು ಬೀಳುತ್ತದೆ.