ಓದುಗರ ಪ್ರಶ್ನೆ, ನಮ್ಮ ಉತ್ತರ: ಬಚ್ಚಲಿನ ಪಿಂಗಾಣಿಗೊಂದು ಪ್ರದರ್ಶನಾಂಗಣ

ಪ್ರಶ್ನೆ: ಉಪ್ಪಳದಲ್ಲಿ ನಮ್ಮದೊಂದು ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನುಗಳ ಮಳಿಗೆಯಿದೆ. ಮಳೆಗಾಲ ಕಳೆದ ಮೇಲೆ ಕಾಸರಗೋಡಿನಲ್ಲಿ ನಡೆಯಲಿರುವ ಗೃಹನಿರ್ಮಾಣ ಮೇಳದಲ್ಲಿ 20 ಅಡಿ ಉದ್ದ, 16 ಅಡಿ ಅಗಲದ ಜಾಗ ನಮಗೆ ದೊರೆತಿದೆ. ಸಾಮಾನುಗಳನ್ನು ಸಾಲಾಗಿ ಜೋಡಿಸಿಡುವ ಬದಲು, ಒಳಹೊಕ್ಕವರನ್ನು ಪೂರ್ತಿಯಾಗಿ ಆವರಿಸಿಕೊಳ್ಳುವ ‘ಇಮ್ಮರ್ಸಿವ್’ ವಿನ್ಯಾಸ ಬೇಕೆಂದು ಮಗಳ ಆಸೆ. ನಾಲ್ಕೂ ಗೋಡೆಗಳ ಮೇಲೆ ಪ್ರೊಜೆಕ್ಟರಿನಿಂದ ಜಲಪಾತದ ದೃಶ್ಯ ಬಿಡೋಣವೆಂದು ವಿನ್ಯಾಸಕಾರರೊಬ್ಬರು ಸೂಚಿಸಿದ್ದಾರೆ. ಇದು ಸರಿಯಾದೀತೇ?

ಉತ್ತರ: ಜಲಪಾತವನ್ನು ಕೈಬಿಡಿ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯವರಿಗೆ ನೀರು ಬೀಳುವ ಚಿತ್ರವನ್ನು ದುಡ್ಡು ಖರ್ಚು ಮಾಡಿ ತೋರಿಸಬೇಕೇ ಎಂಬ ಮಾತು ಒತ್ತಟ್ಟಿಗಿರಲಿ. ತಾಂತ್ರಿಕವಾಗಿಯೂ ಆ ಉಪಾಯ ನಿಮ್ಮ ಸಾಮಾನಿಗೆ ಒಗ್ಗುವುದಿಲ್ಲ. ಪ್ರೊಜೆಕ್ಟರಿನ ಬೆಳಕು ಚಿತ್ರವಾಗಿ ಮೂಡಬೇಕಾದರೆ ಅದು ಬೀಳುವ ಮೈ ಹೊಳಪಿಲ್ಲದ್ದಾಗಿರಬೇಕು, ಸುತ್ತಲೂ ಕತ್ತಲಿರಬೇಕು. ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಹಾಕಿದ ಪಿಂಗಾಣಿಯ ಮೈ ಕನ್ನಡಿಯ ಸ್ವಭಾವದ್ದು. ಅದರ ಮೇಲೆ ಬಿದ್ದ ಚಿತ್ರ ಮಸುಕಾಗಿ ಚದುರುತ್ತದೆ, ಪ್ರೊಜೆಕ್ಟರಿನ ದೀಪ ಮಾತ್ರ ಚುಕ್ಕೆಯಾಗಿ ಕಣ್ಣಿಗೆ ಕುಕ್ಕುತ್ತದೆ. ಕೊನೆಗೆ ಜನ ಗೋಡೆಯನ್ನು ನೋಡಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ವಾಶ್‌ಬೇಸಿನ್ ಯಾವ ಆಕಾರದಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ಪಿಂಗಾಣಿ ತಾನಾಗಿಯೇ ಎದ್ದು ಕಾಣಬೇಕಾದರೆ ಅದರ ಪಕ್ಕದಲ್ಲಿ ಒರಟಾದ, ಬೆಳಕನ್ನು ಹೀರಿಕೊಳ್ಳುವ ವಸ್ತುವೊಂದು ಇರಬೇಕು, ಮತ್ತು ಅದನ್ನು ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಲ್ಲ. ನಿಮ್ಮೂರಿನ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲು) ಗಿಲಾವು ಮಾಡದೆ, ಬಣ್ಣ ಹಚ್ಚದೆ ಹಾಗೆಯೇ ಅಡ್ಡಗೋಡೆಯಾಗಿ ಪೇರಿಸಿ. ಇದು ಅಂದಕ್ಕಾಗಿ ಮಾತ್ರ ಹೇಳಿದ ಮಾತಲ್ಲ. ಕರಾವಳಿಯಲ್ಲಿ ಬಾವಿ ತೋಡುವವರೆಲ್ಲರೂ ಬಲ್ಲಂತೆ, ಮುರಕಲ್ಲಿನ ಪದರ ಮುಗಿದ ಮೇಲೆ ಬಿಳಿ, ನಸುಗೆಂಪು, ಹಳದಿ ಬಣ್ಣಗಳ ಮೆತ್ತನೆಯ ಶೇಡಿಮಣ್ಣು ಸಿಗುತ್ತದೆ. ಬಂಡೆಯು ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾಗುತ್ತಾ ಹೋದಾಗ ಮೇಲೆ ಕಬ್ಬಿಣದ ಅಂಶ ಕೂಡಿ ಗಟ್ಟಿಯಾದದ್ದು ಮುರಕಲ್ಲು, ಕೆಳಗೆ ಉಳಿದದ್ದು ಶೇಡಿ. ಆ ಶೇಡಿಯಲ್ಲಿ ಹೇರಳವಾಗಿರುವ ಕೇಯೊಲಿನೈಟ್ ಎಂಬ ಖನಿಜವೇ, ಶುದ್ಧ ರೂಪದಲ್ಲಿ, ವಾಶ್‌ಬೇಸಿನ್ ಮಾಡುವ ಚೀನೀಮಣ್ಣಿನ ಮುಖ್ಯ ದ್ರವ್ಯ. ಕೆಂಪು ಗೋಡೆಯ ಬುಡದಲ್ಲಿ ಶೇಡಿಯ ಒಂದು ಪಟ್ಟಿ, ಅದರ ಮುಂದೆ ಬಿಳಿ ಬೇಸಿನ್ ಇಟ್ಟರೆ ಈ ನಂಟನ್ನು ವಿವರಿಸಲು ಉದ್ದನೆಯ ಬರಹ ಬೇಕಾಗದು. ಆದರೆ ‘ನಮ್ಮ ಮಣ್ಣಿನಿಂದ ಮಾಡಿದ್ದು’ ಎಂಬ ಫಲಕವನ್ನು ಮಾತ್ರ ಹಾಕಬೇಡಿ. ನಿಮ್ಮ ಸಾಮಾನು ಗುಜರಾತಿನ ಮೋರ್ಬಿಯಿಂದಲೋ ಇನ್ನೆಲ್ಲಿಂದಲೋ ಬಂದದ್ದಾದರೆ ಅದನ್ನೇ ಬರೆಯಿರಿ.

ಅಲ್ಲಿಂದ ಮುಂದೆ ನೋಡುಗನ ಕೈಗೆ ಕೆಲಸ ಕೊಡಿ. ಚೀನೀಮಣ್ಣು, ಬಾಲ್ ಕ್ಲೇ ಎಂಬ ಜಿಗುಟು ಜೇಡಿ, ಫೆಲ್ಡ್‌ಸ್ಪಾರ್ ಎಂಬ ಖನಿಜ, ಸ್ಫಟಿಕದ ಪುಡಿ ಇವುಗಳನ್ನು ನೀರಿನಲ್ಲಿ ಕಲಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಅಚ್ಚಿಗೆ ಸುರಿದು, ಒಣಗಿಸಿ, ಗ್ಲೇಜ್ ಸಿಂಪಡಿಸಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಬೇಸಿನ್ ಸಿದ್ಧವಾಗುತ್ತದೆ. ಅಚ್ಚಿನಿಂದ ಹೊರಬಂದ ಆಕಾರವು ಒಣಗಿ ಬೇಯುವಷ್ಟರಲ್ಲಿ ಶೇಕಡಾ 10ರಿಂದ 12ರಷ್ಟು ಕುಗ್ಗುತ್ತದೆ. ಕಾರ್ಖಾನೆಯವರನ್ನು ಕೇಳಿ, ಒಂದೇ ಅಚ್ಚಿನಿಂದ ತೆಗೆದ ಎರಡು ಬೇಸಿನ್‌ಗಳನ್ನು ತರಿಸಿಕೊಳ್ಳಿ: ಸುಡದೇ ಇರುವ ಒಂದು, ಸುಟ್ಟ ಇನ್ನೊಂದು. ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು, ಸುಡದ್ದರ ಅಂಚನ್ನು ಬೆರಳಿನಿಂದ ಸವರಲು, ಸುಟ್ಟದ್ದನ್ನು ಮರದ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಲು ಬಿಡಿ. ಬಿರುಕಿಲ್ಲದ ಪಿಂಗಾಣಿ ಗಂಟೆಯ ಹಾಗೆ ಮೊಳಗುತ್ತದೆ, ಬಿರುಕಿದ್ದರೆ ಮಂಕಾಗಿ ಸದ್ದು ಮಾಡುತ್ತದೆ. ಕಾರ್ಖಾನೆಗಳಲ್ಲಿ ಪರೀಕ್ಷಿಸುವುದೂ ಹೀಗೆಯೇ. ಸುಡದ ಬೇಸಿನ್ ತೇವವನ್ನು ಹೀರಿ ಅಂಚಿನಲ್ಲಿ ಉದುರತೊಡಗುವುದರಿಂದ ಅದನ್ನು ಮೇಳದ ಹಿಂದಿನ ದಿನದವರೆಗೂ ಪ್ಲಾಸ್ಟಿಕ್ ಹೊದಿಸಿ ಒಣಜಾಗದಲ್ಲಿಡುವುದು ಮೇಲು.

ಇನ್ನು ಬೆಳಕಿನ ವಿಚಾರ. ಖರ್ಚನ್ನು ಮಾಡುವುದಾದರೆ ಇದರ ಮೇಲೆ ಮಾಡಿ. ಗ್ಲೇಜಿನ ಮೇಲೆ ನಾವು ಕಾಣುವುದು ಬಹುಮಟ್ಟಿಗೆ ಅದರಲ್ಲಿ ಪ್ರತಿಫಲಿಸಿದ ದೀಪವನ್ನೇ. ಚಿಕ್ಕ ಸ್ಪಾಟ್‌ಲೈಟುಗಳಿಂದ ಹತ್ತಾರು ಚುಕ್ಕೆಗಳು ಮೂಡಿ ಆಕಾರ ಒಡೆದುಹೋಗುತ್ತದೆ. ಅದರ ಬದಲು ಬಿಳಿ ಬಟ್ಟೆಯ ಹಿಂದೆ ಅಡಗಿಸಿದ ಉದ್ದನೆಯ ಪಟ್ಟಿದೀಪವೊಂದನ್ನು ಮೇಲಿನಿಂದ ಹಿಡಿದರೆ ಬೇಸಿನ್ನಿನ ಅಂಚಿನುದ್ದಕ್ಕೂ ಒಂದೇ ಬೆಳಕಿನ ಗೆರೆ ಹರಿಯುತ್ತದೆ. ಮೈ ನಯವಾಗಿದ್ದರೆ ಗೆರೆ ನೇರವಾಗಿ ಸಾಗುತ್ತದೆ, ಅಲೆಯಿದ್ದರೆ ಡೊಂಕಾಗುತ್ತದೆ. ಅಂದರೆ ಈ ಬೆಳಕು ನಿಮ್ಮ ಸಾಮಾನಿನ ಗುಣವನ್ನೂ ದೋಷವನ್ನೂ ಒಟ್ಟಿಗೆ ಬಯಲು ಮಾಡುತ್ತದೆ, ಆದ್ದರಿಂದ ಇಡುವ ಮಾದರಿಗಳನ್ನು ಮೊದಲೇ ಆರಿಸಿಕೊಳ್ಳಿ. ಬಿಳಿಯ ಮುಂದೆ ಬಿಳಿ ಕರಗಿಹೋಗದಂತೆ ಇಕ್ಕೆಲಗಳಲ್ಲಿ ಕಪ್ಪು ಬಟ್ಟೆಯ ಪರದೆ ಇಳಿಬಿಟ್ಟರೆ ಅದರ ನೆರಳು ಅಂಚಿನಲ್ಲಿ ಪ್ರತಿಫಲಿಸಿ ಆಕಾರಕ್ಕೆ ಗೆರೆ ಕೊರೆಯುತ್ತದೆ. ಈ ಅಳತೆಯ ಜಾಗಕ್ಕೆ ಆರೇಳು ಸಾಮಾನು ಸಾಕು. ಮಳಿಗೆಯಲ್ಲಿರುವ ಎಲ್ಲವನ್ನೂ ತಂದಿಟ್ಟರೆ ಅದು ಮಳಿಗೆಯೇ ಆಗುತ್ತದೆ.

ಪ್ರಶ್ನೆ: ನಾನು ಪೆರ್ಲದವಳು, ವಾಸ್ತುಶಿಲ್ಪದ ವಿದ್ಯಾರ್ಥಿನಿ. ಬಚ್ಚಲಿನ ಪಿಂಗಾಣಿ ಸಾಮಾನುಗಳ ಪ್ರದರ್ಶನವನ್ನು ನಮ್ಮ ಸುರಂಗಗಳ ಮಾದರಿಯಲ್ಲಿ ರೂಪಿಸಬೇಕೆಂದಿದ್ದೇನೆ. ಫೈಬರಿನಲ್ಲಿ ಮುರಕಲ್ಲಿನ ಗೋಡೆ ಮಾಡಿ, ನೆಲದ ತುಂಬ ಒಡೆದ ಪಿಂಗಾಣಿಯ ಚೂರು ಹರಡಿ ಜನರನ್ನು ಅದರ ಮೇಲೆ ನಡೆಸುವುದು ಯೋಜನೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ಸುರಂಗದ ಕಲ್ಪನೆ ಒಳ್ಳೆಯದು, ಫೈಬರ್ ಬೇಡ, ಚೂರಂತೂ ಬೇಡವೇ ಬೇಡ.

ಎಣ್ಮಕಜೆ, ಬಾಯಾರು ಕಡೆಯ ಸುರಂಗಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ, ಒಬ್ಬ ಮನುಷ್ಯ ನಡೆಯುವಷ್ಟೇ ಎತ್ತರ ಮತ್ತು ಅಗಲಕ್ಕೆ ಕೊರೆದ ಆ ದಾರಿಯಿಂದ ನೀರು ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹೊರಹರಿದು ಕೆರೆಗೋ ಟ್ಯಾಂಕಿಗೋ ಸೇರುತ್ತದೆ. ಒಳಹೊಕ್ಕವನಿಗೆ ಮೊದಲು ತಿಳಿಯುವುದು ತಂಪು, ಅನಂತರ ತೊಟ್ಟಿಕ್ಕುವ ಸದ್ದು, ನೀರು ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಕಡೆಗೆ. ನಿಮ್ಮ ವಿನ್ಯಾಸಕ್ಕೆ ಸುರಂಗದಿಂದ ಎರವಲು ಪಡೆಯಬೇಕಾದದ್ದು ಈ ಅನುಕ್ರಮವನ್ನು. ಕಲ್ಲಿನ ಕಚ್ಚುಗಳ ನಕಲನ್ನಲ್ಲ. ದಾರಿಯ ಆರಂಭದಲ್ಲಿ ಬೆಳಕು ತಗ್ಗಲಿ, ತಿರುವಿನಾಚೆಯಿಂದ ನೀರಿನ ಸದ್ದು ಕೇಳಲಿ, ತಿರುವು ದಾಟಿದ ಮೇಲಷ್ಟೇ ಬೇಸಿನ್ ಕಾಣಲಿ. ಗೋಡೆಗೆ ಕಾವಿ ಬಣ್ಣದ ದಪ್ಪ ಸೆಣಬಿನ ಬಟ್ಟೆ ಸಾಕು. ಅಸಲು ಮುರಕಲ್ಲು ಕೂಗಳತೆಯಲ್ಲಿ ಸಿಗುವ ಊರಿನಲ್ಲಿ ಅದರ ಫೈಬರ್ ನಕಲನ್ನು ಜನ ಮುಟ್ಟಿ ನೋಡಿ ನಗುತ್ತಾರೆ.

ಅಗಲವನ್ನು ಮಾತ್ರ ಸುರಂಗದಿಂದ ತೆಗೆದುಕೊಳ್ಳಬೇಡಿ. ದಾರಿ ಕನಿಷ್ಠ 1200 ಮಿಲಿಮೀಟರ್ ಅಗಲವಿರಲಿ, ತಿರುವಿನಲ್ಲಿ ಗಾಲಿಕುರ್ಚಿ ಹೊರಳಲು 1500 ಮಿಲಿಮೀಟರ್ ಜಾಗವಿರಲಿ, ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗದಿರಲಿ, ಎರಡೂ ತುದಿಗಳು ತೆರೆದಿರಲಿ. ಬೆಂಕಿ ಬಿದ್ದಾಗ ಒಂದೇ ಬಾಯಿಯ ಸುರಂಗದಿಂದ ಜನರನ್ನು ಹೊರತರುವುದು ಅಸಾಧ್ಯ.

ಚೂರುಗಳ ವಿಷಯಕ್ಕೆ ಬಂದರೆ, ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲಿ 2010ರ ಅಕ್ಟೋಬರಿನಲ್ಲಿ ನಡೆದದ್ದನ್ನು ನೆನೆಯಬೇಕು. ಚೀನಾದ ಕಲಾವಿದ ಐ ವೇವೇ ಅವರು ಜಿಂಗ್‌ಡೆಜೆನ್ ಎಂಬ ಪಿಂಗಾಣಿಯ ಊರಿನ ಕುಶಲಕರ್ಮಿಗಳಿಂದ ಮಾಡಿಸಿದ, ಕೈಯಿಂದಲೇ ಬಣ್ಣ ಬರೆದ ಸುಮಾರು 10 ಕೋಟಿ ಸೂರ್ಯಕಾಂತಿ ಬೀಜಗಳನ್ನು ಅಲ್ಲಿನ ವಿಶಾಲ ಸಭಾಂಗಣದ ನೆಲಕ್ಕೆ ಹರಡಲಾಗಿತ್ತು. ಜನ ಅವುಗಳ ಮೇಲೆ ನಡೆಯಲಿ, ಕೂರಲಿ ಎಂಬುದೇ ಉದ್ದೇಶವಾಗಿತ್ತು. ಆದರೆ ತುಳಿತಕ್ಕೆ ಏಳುತ್ತಿದ್ದ ಪಿಂಗಾಣಿಯ ಧೂಳು ಶ್ವಾಸಕೋಶಕ್ಕೆ ಹಾನಿ ಮಾಡೀತೆಂಬ ಕಾರಣದಿಂದ, ತೆರೆದ ಕೆಲವೇ ದಿನಗಳಲ್ಲಿ ಅದರ ಮೇಲೆ ನಡೆಯುವುದನ್ನು ನಿಲ್ಲಿಸಬೇಕಾಯಿತು. ಒಂದೊಂದೂ ನಯವಾಗಿದ್ದ ಬೀಜಗಳ ಗತಿಯೇ ಹೀಗಾದ ಮೇಲೆ, ಒಡೆದ ಕಮೋಡಿನ ಚೂಪು ಅಂಚುಗಳನ್ನು ಚಪ್ಪಲಿ ಹಾಕಿದ ಕಾಲುಗಳ ಕೆಳಗೆ ಹಾಸುವ ಮಾತೇ ಏಳುವುದಿಲ್ಲ. ಚೂರುಗಳನ್ನು ತೋರಿಸಲೇಬೇಕಿದ್ದರೆ ಗಾಜಿನಡಿ ಮುಚ್ಚಿಡಿ.

ಪ್ರಶ್ನೆ: ಪ್ರದರ್ಶನದಲ್ಲಿ ನಿಜವಾಗಿಯೂ ನೀರು ಹರಿಸಬಹುದೇ? ಬಿಸಿನೀರಿನಲ್ಲಿ ಗುಳ್ಳೆ ಎಬ್ಬಿಸುವ ಜಕೂಜಿ ತೊಟ್ಟಿಯೊಂದನ್ನು ಚಾಲೂ ಮಾಡಿಯೇ ಇಡಬೇಕೆಂದಿದ್ದೇವೆ. (ಮಂಜೇಶ್ವರದ ಓದುಗರು)

ಉತ್ತರ: ನೀರು ಹರಿಸಬಹುದು, ಜಕೂಜಿ ಬೇಡ. ಇದರಲ್ಲಿ ನಾನು ರಾಜಿಗೆ ಒಪ್ಪುವವನಲ್ಲ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ವೃದ್ಧಿಯಾಗಿ, ನೀರು ಸೂಕ್ಷ್ಮ ತುಂತುರಾಗಿ ಗಾಳಿ ಸೇರಿದಾಗ ಉಸಿರಿನ ಮೂಲಕ ಒಳಹೊಕ್ಕು ತೀವ್ರ ನ್ಯುಮೋನಿಯಾ ತರುತ್ತದೆ. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಪುಷ್ಪಮೇಳದಲ್ಲಿ ಮಾರಾಟದ ಮಾದರಿಯಾಗಿ ಇಟ್ಟಿದ್ದ, ಯಾರೂ ಇಳಿದು ಸ್ನಾನ ಮಾಡದಿದ್ದ ಇಂಥದೇ ತೊಟ್ಟಿಯಿಂದ ಈ ರೋಗ ಹರಡಿ 30ಕ್ಕೂ ಹೆಚ್ಚು ಮಂದಿ ಸತ್ತರು. ಪಕ್ಕದಲ್ಲಿ ಹಾದುಹೋದದ್ದಷ್ಟೇ ಅವರಲ್ಲಿ ಹಲವರ ಪಾಲಿಗೆ ಮುಳುವಾಯಿತು. ಮಂಜು ಎಬ್ಬಿಸುವ ಯಂತ್ರ, ಮಿಸ್ಟ್ ಶವರ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ತಣ್ಣೀರು ಚಿಮ್ಮದೆ, ಸಿಡಿಯದೆ, ಬೇಸಿನ್ನಿನ ಅಂಚಿನಿಂದ ತೆಳ್ಳಗೆ ಜಾರಿ ಕೆಳಗಿನ ತೊಟ್ಟಿಗೆ ಸೇರುವಂತೆ ಮಾಡಿ. ಬೆಳಿಗ್ಗೆ ಶುದ್ಧವಾದ ಕ್ಲೋರಿನ್ ಹಾಕಿದ ನೀರು ತುಂಬಿಸಿ, ರಾತ್ರಿ ಪೂರ್ತಿ ಬಸಿದು ಒರೆಸಿ ಒಣಗಿಸಬೇಕು. ಇದನ್ನು ಹೊರೆ ಎಂದುಕೊಳ್ಳದೆ ಪ್ರದರ್ಶನದ ಅಂಗವನ್ನಾಗಿ ಮಾಡಿಕೊಳ್ಳಬಹುದು: ದೀಪಾವಳಿಯಲ್ಲಿ ಬಚ್ಚಲು ತೊಳೆದು, ಹಂಡೆಗೆ ಶೇಡಿಯ ಗೆರೆ ಎಳೆದು, ಬಳ್ಳಿ ಸುತ್ತಿ ನೀರು ತುಂಬುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆಯಲ್ಲ, ಪ್ರತಿದಿನ ಬಾಗಿಲು ತೆರೆಯುವಾಗ ಜನರ ಮುಂದೆಯೇ ತೊಟ್ಟಿಗೆ ನೀರು ತುಂಬಿದರೆ ಅದನ್ನು ನೋಡಲೆಂದೇ ನಿಲ್ಲುವವರಿರುತ್ತಾರೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣಾಂಶವಿದ್ದರೆ ಬಿಳಿ ಮೈ ಮೇಲೆ ಕಂದು ಕಲೆ ಮೂಡುವುದರಿಂದ ಸೋಸಿದ ನೀರನ್ನೇ ಬಳಸಿ. ನೀರಿನ ಬಳಿಯ ದೀಪ ಮತ್ತು ಪಂಪುಗಳು 12 ವೋಲ್ಟಿನವಾಗಿರಲಿ, ಮುಖ್ಯ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯವಾಗಿರಲಿ.

ಪ್ರಶ್ನೆ: ಕುಂಬಳೆಯ ನಮ್ಮ ಶೋರೂಮಿನಲ್ಲಿ ಗೋಡೆ, ನೆಲ ಎಲ್ಲವೂ ಟೈಲ್ಸ್. ನಾಲ್ಕು ಜನ ಮಾತನಾಡಿದರೆ ಸಂತೆಯಂತಾಗುತ್ತದೆ. ಪ್ರದರ್ಶನದಲ್ಲೂ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಗ್ಲೇಜ್ ಹಾಕಿದ ಮೈ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ಶೇಕಡಾ ಒಂದೆರಡು ಭಾಗವನ್ನಷ್ಟೇ ಹೀರಿ ಉಳಿದದ್ದನ್ನು ಮರಳಿಸುತ್ತದೆ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಬರಿದಾದ ಕೋಣೆಯ ಆರೂ ಮೈಗಳು ಟೈಲ್ಸಿನವಾಗಿದ್ದರೆ, ಧ್ವನಿವಿಜ್ಞಾನಿ ವ್ಯಾಲೇಸ್ ಸೆಬೈನ್ ಅವರ ಸೂತ್ರದ ಪ್ರಕಾರ ಒಂದು ಚಪ್ಪಾಳೆಯ ಅನುರಣನ ಅಡಗಲು 5 ಸೆಕೆಂಡಿಗೂ ಹೆಚ್ಚು ಬೇಕು. ಚಾವಣಿಯೊಂದಕ್ಕೆ ಮಾತ್ರ ಸದ್ದು ಹೀರುವ ಉಣ್ಣೆಹಲಗೆ ಹೊದಿಸಿದರೆ ಅದು ಒಂದು ಸೆಕೆಂಡಿಗೂ ಕೆಳಗಿಳಿಯುತ್ತದೆ. ಆದ್ದರಿಂದ ಗೋಡೆಯನ್ನು ಬಿಟ್ಟು ಚಾವಣಿಗೆ ಕೈ ಹಾಕಿ. ಆದರೂ ಒಂದು ಚಿಕ್ಕ ಮೂಲೆಯನ್ನು ಪೂರ್ತಿ ಟೈಲ್ಸಿನಲ್ಲೇ ಬಿಡುವಂತೆ ಹೇಳುತ್ತೇನೆ. ಬಚ್ಚಲಿನಲ್ಲಿ ಹಾಡಿಕೊಳ್ಳುವ ಅಭ್ಯಾಸವಿರುವವರು ಅಲ್ಲಿ ನಿಂತು ಒಂದು ಸಾಲು ಗುನುಗಿ ನೋಡಲಿ.

ಪ್ರಶ್ನೆ: ಕುಟುಂಬಸಮೇತ ಬರುವವರ ಮುಂದೆ ಕಮೋಡನ್ನು ಕೇಂದ್ರವಾಗಿಡುವುದು ಮುಜುಗರವಲ್ಲವೇ? (ಬದಿಯಡ್ಕದ ಓದುಗರು)

ಉತ್ತರ: ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯೂಶಾಂ 1917ರಲ್ಲಿ ಪಿಂಗಾಣಿಯ ಮೂತ್ರದ ಬೋಗುಣಿಯೊಂದನ್ನು ನ್ಯೂಯಾರ್ಕಿನ ಕಲಾಪ್ರದರ್ಶನಕ್ಕೆ ಕಳುಹಿಸಿದಾಗ ಸಂಘಟಕರು ಅದನ್ನು ಪ್ರದರ್ಶಿಸಲಿಲ್ಲ, 1992ರಲ್ಲಿ ಬಿಂದೇಶ್ವರ ಪಾಠಕ್ ಅವರು ದೆಹಲಿಯಲ್ಲಿ ಸ್ಥಾಪಿಸಿದ ಸುಲಭ್ ಶೌಚಾಲಯ ಸಂಗ್ರಹಾಲಯಕ್ಕೆ ಇಂದು ಶಾಲಾಮಕ್ಕಳೂ ಹೋಗಿಬರುತ್ತಾರೆ. ಮುಜುಗರ ಕಳೆಯಲು ನನಗೆ ತಿಳಿದ ಉತ್ತಮ ದಾರಿಯೆಂದರೆ ಒಂದು ಕಮೋಡನ್ನು ವಜ್ರದ ಅಲಗಿನ ಗರಗಸದಿಂದ ನಡುವೆ ಸೀಳಿ ನಿಲ್ಲಿಸುವುದು. ಒಳಗಿನ ಬಾಗು ಕೊಳವೆ, ದುರ್ನಾತವನ್ನು ತಡೆಯುವ 50 ಮಿಲಿಮೀಟರ್ ಆಳದ ನೀರಿನ ಮುದ್ರೆ ಕಣ್ಣೆದುರಿಗೆ ಬಂದೊಡನೆ ನೋಡುಗರ ಗಮನ ಯಂತ್ರದ ಮೇಲೆ ಹೋಗುತ್ತದೆ. ಪಕ್ಕದಲ್ಲಿ 3 ಲೀಟರ್ ಮತ್ತು 6 ಲೀಟರ್ ನೀರು ತುಂಬಿದ ಎರಡು ಗಾಜಿನ ಪಾತ್ರೆಗಳಿರಲಿ. ಎರಡು ಗುಂಡಿಗಳ ಫ್ಲಶ್ಶಿನ ಲೆಕ್ಕ ಮಕ್ಕಳಿಗೂ ಅರ್ಥವಾಗುತ್ತದೆ.

ಪ್ರಶ್ನೆ: ಬೇಸಿನ್‌ಗಳನ್ನು ಚಾವಣಿಯಿಂದ ತೂಗುಬಿಡಬಹುದೇ? (ಹೊಸಂಗಡಿಯ ಓದುಗರು)

ಉತ್ತರ: ಜನರ ತಲೆಯ ಮೇಲೆ ಬೇಡ. ಪಿಂಗಾಣಿ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತಕ್ಕೆ ಸುಲಭವಾಗಿ ಬಿರುಕು ಬಿಡುತ್ತದೆ. ನಲ್ಲಿಯ ತೂತಿಗೆ ತಂತಿ ಕಟ್ಟಿ ತೂಗಿದರೆ ಇಡೀ ಭಾರ ಆ ತೂತಿನ ಅಂಚಿನ ಮೇಲೆ ಬೀಳುತ್ತದೆ. ಉಕ್ಕಿನ ತೊಟ್ಟಿಲು ಮಾಡಿಸಿ, ಲೋಹ ಮತ್ತು ಪಿಂಗಾಣಿಯ ನಡುವೆ ರಬ್ಬರ್ ಇಟ್ಟು, ಕೆಳಗೆ ಯಾರೂ ಹೋಗದಂತೆ ಕಟ್ಟೆ ಕಟ್ಟಿ ತೂಗಿಸಬಹುದು. ಮೇಳದ ಪೆಂಡಾಲಿನ ತಗಡಿನ ಚಾವಣಿಗೆ ಆ ಭಾರ ಹೊರುವ ಶಕ್ತಿ ಇರುವುದು ಅಪರೂಪವಾದ್ದರಿಂದ, ನೆಲದಿಂದಲೇ ಎದ್ದ ಪ್ರತ್ಯೇಕ ಉಕ್ಕಿನ ಚೌಕಟ್ಟು ಬೇಕಾಗುತ್ತದೆ.