ನಾಯಿಗಳ ಬದಲು ಕಾಗೆ, ಕೋಗಿಲೆ

ಒಂದೇ ರೂಪದ ಎರಡು ನಾಯಿಗಳು ಮನೆ ಬದಲಿಸಿಕೊಳ್ಳುವ ನಿಮ್ಮ ಕಾರ್ಟೂನ್ ಕಥೆಗೆ ಕಾರವಾರದ ಸೊಗಡು ತರುವುದು ಹೇಗೆಂದು ಕೇಳಿದ್ದೀರಿ. ನಾಯಿಗಳನ್ನು ಬಿಡಿ ಸರ್, ಕಾಡುಕಾಗೆಯನ್ನೂ ಗಂಡು ಕೋಗಿಲೆಯನ್ನೂ ತೆಗೆದುಕೊಳ್ಳಿ. ಎರಡೂ ಪೂರ್ತಿ ಕಪ್ಪು. (ಊರಕಾಗೆ ಬೇಡ, ಅದರ ಕತ್ತು ಬೂದು.) ಕೋಗಿಲೆಯ ಕಣ್ಣು ಕೆಂಪು, ಬಾಲ ಉದ್ದ, ಆ ಕಣ್ಣೊಂದೇ ಸಾಕು, ಯಾರು ಯಾರೆಂದು ಮಕ್ಕಳಿಗೆ ತಿಳಿಯುತ್ತದೆ, ಕಥೆಯೊಳಗಿನವರಿಗೆ ತಿಳಿಯುವುದಿಲ್ಲ. ನಗು ಹುಟ್ಟುವುದೇ ಅಲ್ಲಿ.

ಹೆಚ್ಚಾಗಿ ಹಣ್ಣು ತಿನ್ನುವ ಕೋಗಿಲೆಯನ್ನು ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿನಲ್ಲಿ ಬಂಗಡೆ ಬುಟ್ಟಿಯ ಮುಂದೆ ನಿಲ್ಲಿಸಿ. ಸುತ್ತಲಿನ ಕಾಗೆಗಳೆಲ್ಲ ಮೀನಿಗೆ ಮುಗಿಬಿದ್ದಾಗ ಅದರ ಮುಖ ಹೇಗಿರಬೇಕು! ಇನ್ನೂ ಸೊಗಸಾದದ್ದು ಗೂಡು. ಕೋಗಿಲೆ ಗೂಡು ಕಟ್ಟುವುದೇ ಇಲ್ಲ, ಹೆಣ್ಣು ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅಂಥ ಹಕ್ಕಿಗೆ ಕಡ್ಡಿ ಜೋಡಿಸುವ ಕೆಲಸ ಕೊಡಿ. ಈ ದೃಶ್ಯಕ್ಕೆ ಧಾರಾಳವಾಗಿ ಸಮಯ ಮೀಸಲಿಡಿ. ಅತ್ತ ಶಿರಸಿಯ ಅಡಿಕೆ ತೋಟದಲ್ಲಿ ವಸಂತದ ಹಾಡಿಗೆ ಕಾಯುತ್ತಿರುವವರ ಎದುರು ಕಾಗೆ ಬಾಯಿ ತೆರೆಯಲೇಬೇಕು.

ಕೊನೆಯಲ್ಲಿ ಇಬ್ಬರನ್ನೂ ದೂರ ಮಾಡಬೇಡಿ. ಗೂಡಿನಲ್ಲಿರುವ ಮರಿ ಯಾರದೆಂಬ ಪ್ರಶ್ನೆಯಲ್ಲೇ ಎರಡನೆಯ ಕಂತು ಕಾಯುತ್ತಿದೆ.